ವೈ-ಫೈ ಇದೆ, ಅಂತರಜಾಲವಿಲ್ಲ: ದೋಷ ಪತ್ತೆಯ ಕ್ರಮ

ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ ಸಾಮಾನ್ಯವಾಗಿ ಮರುತಿಂಗಳ 20ನೇ ತಾರೀಖು ಕಡೆಯ ದಿನ. ತಪ್ಪಿದಲ್ಲಿ ತೆರಿಗೆ ಬಾಧ್ಯತೆಯುಳ್ಳವರಿಗೆ ದಿನವೊಂದಕ್ಕೆ ರೂ. 50 ವಿಳಂಬ ಶುಲ್ಕ. ಬಾಕಿ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ. ಮನೆಯ ವೈ-ಫೈಯನ್ನೇ ನಂಬಿದ ವರ್ತಕರಿಗೆ ಅಂದು ಸಂಪರ್ಕ ಕೈಕೊಟ್ಟರೆ ನಷ್ಟ ನಿಶ್ಚಿತ. ತಾಳೆಪಟ್ಟಿಯ ವ್ಯತ್ಯಾಸವನ್ನು ಹುಡುಕುವಂತೆ, ಇಲ್ಲಿಯೂ ದೋಷದ ಸ್ಥಾನವನ್ನು ಹಂತಹಂತವಾಗಿ ಗುರುತಿಸಬೇಕು.

1. ಮೊಬೈಲ್ ಡೇಟಾ ನಿಲ್ಲಿಸಿ, ಅದೇ ವೈ-ಫೈಯಲ್ಲಿ ಮೊಬೈಲನ್ನು ಪರೀಕ್ಷಿಸಬೇಕು. ಅಲ್ಲಿ ಅಂತರಜಾಲ ದೊರೆತರೆ ದೋಷವಿರುವುದು ಗಣಕಯಂತ್ರದಲ್ಲಿ.

2. ಎರಡರಲ್ಲೂ ದೊರೆಯದಿದ್ದರೆ ಗಣಕಯಂತ್ರವನ್ನು ಕೇಬಲ್ ಮೂಲಕ ರೂಟರ್‌ಗೆ ಜೋಡಿಸಬೇಕು. ಆಗ ದೊರೆತರೆ ದೋಷ ವೈ-ಫೈಯದು; ಇಲ್ಲವಾದರೆ ರೂಟರ್‌ನದು ಅಥವಾ ಸೇವಾದಾರರ ಮಾರ್ಗದ್ದು.

3. ಗಣಕಯಂತ್ರದ ಐಪಿ ವಿಳಾಸ 169.254ರಿಂದ ಆರಂಭವಾದರೆ ರೂಟರ್ ವಿಳಾಸ ನೀಡಿಲ್ಲವೆಂದು ಅರ್ಥ. ರೂಟರನ್ನು ಆರಿಸಿ ಪುನಃ ಚಾಲೂ ಮಾಡಬೇಕು.

4. 8.8.8.8ಕ್ಕೆ ಮಾಡಿದ ಪಿಂಗ್‌ಗೆ ಉತ್ತರ ಬಂದರೂ ಯಾವ ಜಾಲತಾಣವೂ ತೆರೆಯದಿದ್ದರೆ, ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ಸರಿಪಡಿಸಬೇಕು.

ರೂಟರ್‌ನ ರೀಸೆಟ್ ಗುಂಡಿಯನ್ನು ಅವಸರದಲ್ಲಿ ಒತ್ತಬಾರದು; ಸೇವಾದಾರರು ಅಳವಡಿಸಿದ ಬಳಕೆದಾರ ಹೆಸರು, ಗುಪ್ತಪದಗಳು ಅಳಿಸಿಹೋಗಬಹುದು. ಕಡೆಯ ದಿನವಾದರೆ ಮೊಬೈಲ್ ಹಾಟ್‌ಸ್ಪಾಟ್ ಬಳಸಿ ಮೊದಲು ವಿವರಪಟ್ಟಿ ಸಲ್ಲಿಸುವುದು ಲೇಸು. ದುರಸ್ತಿ ಅನಂತರದ ಮಾತು.