ಕಾಗದದ ಹೂವಿಗೆ ನೀರು ಹಿಡಿದು ಹಾಕು

ಪುಟ್ಟಿ, ಹುಬ್ಬಳ್ಳಿಯ ಹೊಸ ಮನೆಯ ಕಾಂಪೌಂಡಿಗೆ ಕಾಗದದ ಹೂವು ಹಬ್ಬಿಸಬೇಕು ಅಂದೆಯಲ್ಲ, ಕೇಳಿ ಖುಷಿಯಾಯಿತು. ನರ್ಸರಿಗೆ ಹೋಗುವ ಮುಂಚೆ ಇದಿಷ್ಟು ಓದಿಕೋ.

• ಮೊದಲು ಜಾಗ ನೋಡು. ದಿನಕ್ಕೆ ಐದಾರು ಗಂಟೆಯಾದರೂ ನೆತ್ತಿ ಸುಡುವ ಬಿಸಿಲು ಬೀಳಬೇಕು. ಬೇವಿನ ಮರದ ಕೆಳಗೋ, ಪಕ್ಕದ ಮನೆಯ ನೆರಳಲ್ಲೋ ನೆಟ್ಟರೆ ಬಳ್ಳಿ ಉದ್ದುದ್ದ ಹೋಗುತ್ತದೆ, ಎಲೆ ಚೆನ್ನಾಗಿ ಬಿಡುತ್ತದೆ, ಹೂವು ಮಾತ್ರ ಕಾಣುವುದಿಲ್ಲ. ಪಡುವಣದ ಗೋಡೆ ಸರಿಯಾದ ಜಾಗ. ಗೇಟಿನ ಪಕ್ಕ ಬೇಡ. ಮುಳ್ಳು ಮಕ್ಕಳ ಕಣ್ಣಿನ ಮಟ್ಟಕ್ಕೇ ಬರುತ್ತದೆ.

• ನಿಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದರೆ ಬಿಡುವುದೇ ಇಲ್ಲ. ಅದರಲ್ಲಿ ಗುಂಡಿ ತೆಗೆದು ಒಳ್ಳೆಯ ಮಣ್ಣು ತುಂಬಿದರೂ ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿದು ಬೇರು ಕೊಳೆಯುತ್ತದೆ. ಅದಕ್ಕೆ ನೆಲದ ಮೇಲೆ ಒಂದಡಿ ಎತ್ತರಕ್ಕೆ ದಿಬ್ಬ ಮಾಡಿಸು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಅದರಲ್ಲಿ ನೆಡು.

• ಇದರ ಬೇರು ತೀರಾ ನಾಜೂಕು. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಎರಡೂ ಕೈಯಲ್ಲಿ ಇಳಿಸು. ಕಾಂಡ ಹಿಡಿದು ಎಳೆಯಬೇಡ. ಕುಂಡದಲ್ಲಿ ಬೆಳೆಸುವುದಾದರೆ ಮೇಲಿಂದ ಮೇಲೆ ಕುಂಡ ಬದಲಿಸಬೇಡ, ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೇ ಹೂವು ಜಾಸ್ತಿ.

• ಈಗ ನೀರಿನ ಮಾತು. ನಿಮ್ಮ ಅಮ್ಮ ಕನಕಾಂಬರಕ್ಕೆ ಹಾಕಿದ ಹಾಗೆ ಇದಕ್ಕೂ ದಿನಾ ಬಿಂದಿಗೆ ಸುರಿಯುತ್ತಾಳೆ, ತಡೆಯುವುದು ನಿನ್ನ ಕೆಲಸ. ಮೊದಲ ವರ್ಷ ಬೇರು ಇಳಿಯುವ ತನಕ ಮೇಲ್ಮಣ್ಣು ಒಣಗಿದಾಗೆಲ್ಲ ಹಾಕು. ಆಮೇಲೆ ಕೈ ಬಿಗಿ ಮಾಡು. ಅಕ್ಟೋಬರಿನಲ್ಲಿ ಮಳೆ ಹಿಂದೆಗೆಯುತ್ತಿದ್ದಂತೆ ನೀರು ನಿಲ್ಲಿಸಿಬಿಡು. ಎಳೆ ಎಲೆಗಳು ಮಧ್ಯಾಹ್ನ ಜೋತುಬಿದ್ದು ಸಂಜೆಯಾದರೂ ಚೇತರಿಸಿಕೊಳ್ಳದಿದ್ದರೆ ಆಗ ಬುಡ ತೋಯುವಷ್ಟು ಹಾಕಿ, ಮತ್ತೆ ಒಣಗಲು ಬಿಡು. ಹೀಗೆ ಎರಡು ಮೂರು ಸಲವಾದರೆ ಗೆಣ್ಣು ಗೆಣ್ಣಿನಲ್ಲೂ ಮೊಗ್ಗು ಕಾಣುತ್ತದೆ. ಹಗಲು ಮೊಟಕಾಗುವ ಆ ಕಾಲವೂ ಮೊಗ್ಗಿಗೆ ಅನುಕೂಲ. ಹೆದ್ದಾರಿಯ ಡಿವೈಡರಿನಲ್ಲಿ ಯಾರೂ ಕೇಳುವವರಿಲ್ಲದೆ ಅಷ್ಟು ಹೂ ಬಿಡುವುದೂ ಬಿಸಿಲು ಮತ್ತು ಒಣ ನೆಲದಿಂದಲೇ. ಬುಡದಲ್ಲಿ ಹುಲ್ಲುಹಾಸು ಹಾಕಿಸಬೇಡ, ಅದಕ್ಕೆ ಬಿಡುವ ನೀರೆಲ್ಲ ಇದಕ್ಕೇ ಹೋಗುತ್ತದೆ.

• ಯೂರಿಯಾ ಬೇಡವೇ ಬೇಡ, ಬರೀ ಎಲೆ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಹಿಡಿ ಬೇವಿನ ಹಿಂಡಿ, ಒಂದು ಬುಟ್ಟಿ ಹಳೆ ಗೊಬ್ಬರ ಸಾಕು.

• ಹೂವು ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಕತ್ತರಿಗೆ ಹೆದರಬೇಡ. ಬೇಸಿಗೆಯ ಹೂವು ಮುಗಿದ ಮೇಲೆ, ಮುಂಗಾರಿನ ಹೊತ್ತಿಗೆ, ಮೂರರಲ್ಲಿ ಒಂದು ಪಾಲು ಸವರು. ಬುಡದಿಂದ ನೆಟ್ಟಗೆ ಏಳುವ ದಪ್ಪ ಕೊಂಬೆ ಹೂವಿಲ್ಲದೆ ಬರೀ ಬೆಳೆಯುತ್ತದೆ, ಅದನ್ನು ಬುಡಕ್ಕೇ ಕತ್ತರಿಸು. ಸೆಪ್ಟೆಂಬರಿನಲ್ಲಿ ತುದಿ ಚಿವುಟಿದರೆ ಸಾಕು, ಮೊಗ್ಗು ಕಂಡಮೇಲೆ ಮುಟ್ಟಬೇಡ. ತುಂಬು ತೋಳಿನ ಅಂಗಿ, ದಪ್ಪ ಗ್ಲೌಸ್ ಹಾಕಿಕೊಂಡೇ ಈ ಕೆಲಸ. ಕಡಿದ ಕೊಂಬೆ ಅಂದೇ ಗುಡಿಸಿ ತೆಗೆಸು, ಒಣಗಿದ ಮುಳ್ಳು ಚಪ್ಪಲಿ ತೂರಿ ಕಾಲಿಗೆ ನಾಟುತ್ತದೆ.

• ಅರಳಿದ ಮೇಲೆ ಒಂದು ಗೊಂಚಲು ಕೈಗೆ ತಗೊಂಡು ನೋಡು. ನಾವು ಹೂವು ಅನ್ನುವ ಮೂರು ಬಣ್ಣದ ಹಾಳೆಗಳು ನಿಜಕ್ಕೂ ಎಲೆಗಳೇ, ನರಗಳೂ ಕಾಣುತ್ತವೆ. ಒಂದೊಂದರ ನಡು ನರಕ್ಕೆ ಅಂಟಿಕೊಂಡು ಸಣ್ಣ ಕೊಳವೆ ನಿಂತಿರುತ್ತದೆ, ತುದಿಯಲ್ಲಿ ಕೆನೆ ಬಣ್ಣದ ನಕ್ಷತ್ರ. ಅದೇ ಹೂವು. ಅದು ಬಾಡಿದರೂ ಬಣ್ಣದೆಲೆ ವಾರಗಟ್ಟಲೆ ಉಳಿಯುತ್ತದೆ. ಇಷ್ಟು ಚೆಂದದ್ದನ್ನು ದೂರದಿಂದಲೇ ನೋಡಿ ಹೋಗುವವರ ಬಗ್ಗೆ ನನಗೆ ಬೇಜಾರು.

• ಎಲೆಯ ಅಂಚು ಕಚ್ಚಿದಂತಿದ್ದು ಹುಳು ಕಾಣದಿದ್ದರೆ ರಾತ್ರಿ ಟಾರ್ಚು ಹಿಡಿದು ಹುಡುಕು. ಬೆನ್ನು ಕಮಾನು ಮಾಡಿ ನಡೆಯುವ ಸಣ್ಣ ಹುಳು ಕತ್ತಲಲ್ಲೇ ಮೇಯುತ್ತದೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪು ನೀರು ಕದಡಿ ಸಂಜೆ ಸಿಂಪಡಿಸು.

• ತಳಿಯಲ್ಲಿ ನನ್ನ ಆಯ್ಕೆ ಮೇರಿ ಪಾಮರ್. ಒಂದೇ ಗಿಡದಲ್ಲಿ ಬಿಳಿಯೂ ಗುಲಾಬಿಯೂ ಬಿಡುತ್ತದೆ. ಥಿಮ್ಮದಲ್ಲಿ ಎಲೆಗೂ ಹಳದಿ ಮಚ್ಚೆ. ಮಹಾರಾದ ತುಂಬು ಗೊಂಚಲು ಸುಂದರವೇ, ಆದರೆ ಒಣಗಿದ ಮೇಲೂ ಉದುರದೆ ಗಿಡದಲ್ಲೇ ನೇತಾಡುತ್ತದೆ, ಕೈಯಿಂದ ಬಿಡಿಸಬೇಕು.

• ದುಡ್ಡು ಕೊಟ್ಟು ಒಂದೇ ಗಿಡ ತಾ, ಉಳಿದದ್ದು ಕಡ್ಡಿಯಿಂದ ಮಾಡಿಕೊಳ್ಳಬಹುದು. ಪೆನ್ಸಿಲ್ ದಪ್ಪದ, ಬಲಿತ, ಗೇಣುದ್ದದ ಕಡ್ಡಿ ಬೇಕು. ಎಲೆ ತೆಗೆದು, ಎರಡು ಗೆಣ್ಣು ಮರಳು ಮಿಶ್ರಿತ ಮಣ್ಣಿನೊಳಗಿರುವಂತೆ ನೆರಳಲ್ಲಿ ಊರು. ಚಿಗುರು ಬಂತೆಂದು ಕಿತ್ತು ನೋಡಬೇಡ, ಬೇರಿಗಿಂತ ಮೊದಲು ಚಿಗುರು ಬರುವುದುಂಟು. ಜುಲೈಯಲ್ಲಿ ಮೈಸೂರಿಗೆ ಬಂದಾಗ ನಮ್ಮ ಮೇರಿ ಪಾಮರಿನ ಕಡ್ಡಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿರುತ್ತೇನೆ. ರೈಲಿನಲ್ಲಿ ಒಯ್ಯಲು ತೊಂದರೆಯಿಲ್ಲ, ಊರು ಮುಟ್ಟಿದ ದಿನವೇ ನೆಟ್ಟುಬಿಡು.