ಹಿಂದಿನ ಬೆಂಚಿನ ವಿದ್ಯಾರ್ಥಿ ಮತ್ತು ಅಧ್ಯಾಪಕನ ಹೊಣೆ

ತಾನೂ ಕಲಿಯದೆ, ಇತರರಿಗೂ ಕಲಿಯಗೊಡದ ವಿದ್ಯಾರ್ಥಿಯೊಬ್ಬನನ್ನು ಕಾಣದ ಅಧ್ಯಾಪಕರು ವಿರಳ. ಅಂಥವನನ್ನು ದಡ್ಡನೆಂದೋ ಪುಂಡನೆಂದೋ ಕರೆದುಬಿಟ್ಟರೆ ನಮ್ಮ ಮನಸ್ಸಿಗೆ ಸಮಾಧಾನವಾದೀತು, ಸಮಸ್ಯೆ ಬಗೆಹರಿಯದು. ವೈದ್ಯನು ಜ್ವರವನ್ನು ಬೈಯುವುದಿಲ್ಲ, ನಾಡಿ ಹಿಡಿದು ನೋಡುತ್ತಾನೆ. ಅಧ್ಯಾಪಕನ ಧರ್ಮವೂ ಅದೇ.

ನಮ್ಮ ಉತ್ತರ ಬೆಂಗಳೂರಿನ ಸ್ಥಿತಿಯನ್ನೇ ನೋಡೋಣ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳ, ಯಲಹಂಕಗಳ ದಾರಿಯುದ್ದಕ್ಕೂ ಕಟ್ಟಡದ ಕೆಲಸ ಬೆಳೆಯಿತು. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಕೂಲಿಗಾಗಿ ಬಂದ ಕುಟುಂಬಗಳು ಒಂದು ಕಟ್ಟಡ ಮುಗಿದೊಡನೆ ಮತ್ತೊಂದೆಡೆಗೆ ಹೊರಡುತ್ತವೆ. ಮಗುವಿನ ಶಾಲೆ ನಡುವರ್ಷದಲ್ಲಿ ಬದಲಾಗುತ್ತದೆ. ಹಳೆಯ ಶಾಲೆಯಲ್ಲಿ ಭಿನ್ನರಾಶಿ ಇನ್ನೂ ಆರಂಭವಾಗಿರಲಿಲ್ಲ. ಹೊಸ ಶಾಲೆಯಲ್ಲಿ ಅದು ಆಗಲೇ ಮುಗಿದಿದೆ. ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ. ಇಂಥ ಹುಡುಗನು ‘ನನಗೆ ತಿಳಿಯಲಿಲ್ಲ’ ಎಂದು ಎದ್ದುನಿಂತು ಹೇಳಲಾರ. ದಡ್ಡನೆನ್ನಿಸಿಕೊಳ್ಳುವುದಕ್ಕಿಂತ ತುಂಟನೆನ್ನಿಸಿಕೊಳ್ಳುವುದು ಅವನಿಗೆ ಕಡಿಮೆ ಅವಮಾನ. ಅವನ ಗದ್ದಲದ ಮೂಲ ಅನೇಕ ವೇಳೆ ಇಲ್ಲಿದೆ.

ಹಾಗಾದರೆ ದಂಡನೆಯಿಂದ ಪ್ರಯೋಜನವಿಲ್ಲವೇ? 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಆದರೆ ಬೆತ್ತವನ್ನು ಕೆಳಗಿಟ್ಟವರೆಲ್ಲರೂ ಕಟುನುಡಿಯನ್ನು ಕೆಳಗಿಟ್ಟಿಲ್ಲವೆಂಬುದು ವಿಷಾದದ ಸಂಗತಿ. ಕಾನೂನು ಹೊರಹಾಕಲು ಬಿಡದಿದ್ದರೂ, ದಿನನಿತ್ಯದ ಅವಮಾನ ಮಗುವನ್ನು ತಾನಾಗಿಯೇ ಹೊರಗೆ ನಡೆಯುವಂತೆ ಮಾಡಬಲ್ಲುದು. ಹಾಗೆ ಹೋದವನು ಗ್ಯಾರೇಜಿಗೋ ಹೋಟೆಲಿಗೋ ಸೇರಿದರೆ, ಮರಳಿ ಪುಸ್ತಕ ಹಿಡಿಯುವುದು ದುರ್ಲಭ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ಅವರು ತರಗತಿಗಳನ್ನು ದೀರ್ಘಕಾಲ ಅವಲೋಕಿಸಿ 1970ರಲ್ಲಿ ಪ್ರಕಟಿಸಿದ ಗ್ರಂಥ ಇಲ್ಲಿ ಮನನೀಯ. ಗದ್ದಲವಾದ ಮೇಲೆ ಅಧ್ಯಾಪಕರು ಹೇಗೆ ಗದರಿಸುತ್ತಾರೆಂಬುದರಲ್ಲಿ ಶಿಸ್ತಿನ ತರಗತಿಗೂ ಅಶಿಸ್ತಿನ ತರಗತಿಗೂ ಹೇಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸವಿದ್ದುದು ಗದ್ದಲಕ್ಕೆ ಮುನ್ನ: ಕೋಣೆಯ ಮೂಲೆಮೂಲೆಯ ಅರಿವು, ಒಂದು ಚಟುವಟಿಕೆಯಿಂದ ಮತ್ತೊಂದಕ್ಕೆ ತಡೆಯಿಲ್ಲದೆ ಸಾಗುವ ಪಾಠ, ಪ್ರತಿಯೊಬ್ಬನಿಗೂ ಮಾಡಲು ಕೆಲಸ.

ಇದನ್ನು ನಮ್ಮ ನೆಲದಲ್ಲಿಯೇ ಬೇರೊಂದು ಬಗೆಯಿಂದ ಕಂಡುಕೊಂಡಿದ್ದೇವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಮಗು ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಏರುತ್ತದೆ; ನಾಲ್ಕು ದಿನ ಶಾಲೆ ತಪ್ಪಿಸಿಕೊಂಡರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಇದು ಕೆಳತರಗತಿಗಳ ಪದ್ಧತಿಯಾದರೂ ಅದರ ತತ್ತ್ವ ಪ್ರೌಢಶಾಲೆಗೂ ಸಲ್ಲುತ್ತದೆ.

ಆದುದರಿಂದ ಅಧ್ಯಾಪಕ ಬಂಧುಗಳು ಮೊದಲು ಹುಡುಗನು ಯಾವ ಮೆಟ್ಟಿಲಲ್ಲಿ ನಿಂತಿದ್ದಾನೆಂದು ಪರೀಕ್ಷಿಸಬೇಕು. ಅವನು ಖಂಡಿತವಾಗಿ ಉತ್ತರಿಸಬಲ್ಲ ಪ್ರಶ್ನೆಯೊಂದನ್ನು ದಿನವೂ ಕೇಳಬೇಕು. ಬುದ್ಧಿಯನ್ನು ಏಕಾಂತದಲ್ಲಿ ಹೇಳಿ, ಮೆಚ್ಚುಗೆಯನ್ನು ಎಲ್ಲರೆದುರು ಹೇಳಬೇಕು. ಪಾಲಕರನ್ನು ದೂರು ಒಪ್ಪಿಸುವುದಕ್ಕಷ್ಟೇ ಕರೆಸದೆ, ಒಳ್ಳೆಯ ಸುದ್ದಿಗಾಗಿಯೂ ಒಮ್ಮೆ ಕರೆಸಬೇಕು. ಹಾಗೆಂದು ಗದ್ದಲವನ್ನು ಸಹಿಸಿಕೊಳ್ಳಬೇಕೆಂದಲ್ಲ. ಉಳಿದ ಮಕ್ಕಳ ಕಲಿಕೆಗೂ ಅಷ್ಟೇ ಬೆಲೆಯುಂಟು. ನಿಯಮಗಳು ಕೆಲವೇ ಇರಲಿ, ಎಲ್ಲರಿಗೂ ಒಂದೇ ಇರಲಿ, ಇಂದೂ ನಾಳೆಯೂ ಬದಲಾಗದಿರಲಿ.

ಇಷ್ಟನ್ನು ಅಧ್ಯಾಪಕನೊಬ್ಬನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕಿಕ್ಕಿರಿದ ತರಗತಿಯಲ್ಲಿ ಒಬ್ಬೊಬ್ಬನ ನಾಡಿ ಹಿಡಿಯಲು ಅವನಿಗೆ ಸಮಯವೆಲ್ಲಿ? ಸಂಜೆಯ ಒಂದು ಗಂಟೆಯ ಪರಿಹಾರ ಬೋಧನೆಗೆ ಹೆಚ್ಚುವರಿ ಅಧ್ಯಾಪಕರೊಬ್ಬರನ್ನು ನಿಯಮಿಸಲು ನೆರವಾಗುವ ದಾನಿಗಳೂ, ವಾರಕ್ಕೊಂದು ಸಂಜೆ ಬಂದು ಮಕ್ಕಳೊಡನೆ ಕುಳಿತುಕೊಳ್ಳುವ ಹಳೆಯ ವಿದ್ಯಾರ್ಥಿಗಳೂ ಮಾಡುವ ಸೇವೆ ಹೊಸ ಕಟ್ಟಡದ ಕೊಡುಗೆಗಿಂತ ಕಡಿಮೆಯದಲ್ಲ. ಮುಂದಿನ ಬೆಂಚಿನವನು ಹೇಗೂ ಕಲಿತಾನು. ಶಾಲೆಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಹಿಂದಿನ ಬೆಂಚಿನಿಂದ.