ಹೆಸರಿನ ಜಾಗ ಖಾಲಿ ಬಿಡಿ, ನೋಂದಣಿ ಮಾತ್ರ ತಡಮಾಡಬೇಡಿ

ತಾಯಿ ಒಂದು ಭಾಷೆಯವರು, ತಂದೆ ಇನ್ನೊಂದು ಭಾಷೆಯವರು ಅಥವಾ ಬೇರೆ ಧರ್ಮದವರು ಆಗಿರುವ ಮನೆಯಲ್ಲಿ ಮಗುವಿನ ಹೆಸರು ಬೇಗ ತೀರ್ಮಾನವಾಗುವುದಿಲ್ಲ. ಎರಡೂ ಕಡೆಯ ಅಜ್ಜಿಯರ ಬಾಯಲ್ಲಿ ಸಲೀಸಾಗಿ ಬರಬೇಕು, ಎರಡೂ ಮನೆತನದ ನೆನಪು ಅದರಲ್ಲಿರಬೇಕು. ಇದಕ್ಕೆ ವಾರಗಳೇ ಬೇಕು. ಆದರೆ ಆಸ್ಪತ್ರೆಯ ಡಿಸ್ಚಾರ್ಜ್ ಕೌಂಟರಿನಲ್ಲಿ ಸಿಗುವುದು ಐದು ನಿಮಿಷ. "ಹೆಸರು ಹೇಳಿ, ಇಲ್ಲದಿದ್ದರೆ ಜನನ ಪ್ರಮಾಣಪತ್ರ ಬರೋದಿಲ್ಲ" ಎನ್ನುತ್ತಾರೆ. ಇದು ಶುದ್ಧ ಸುಳ್ಳು. ಈ ಸುಳ್ಳನ್ನು ನಂಬಿ ಕೆಟ್ಟವರು ನನ್ನ ಕಚೇರಿಗೆ ಬರುತ್ತಲೇ ಇರುತ್ತಾರೆ.

ಇತ್ತೀಚೆಗೆ ಬಂದ ದಂಪತಿಯಲ್ಲಿ ಹೆಂಡತಿ ಕೊಡವರು, ಗಂಡ ತಮಿಳರು. ಹೆರಿಗೆಯಾದ ಹೆಣ್ಣುಮಗಳು ಹೊಲಿಗೆ ನೋವಿನಲ್ಲಿ ವಾರ್ಡಿನಲ್ಲಿ ಮಲಗಿದ್ದರು, ಗಂಡ ಬಿಲ್ ಕಟ್ಟಲು ನಿಂತಿದ್ದರು. ಫಾರಂ ತುಂಬಿದವರು ಮಗುವಿನ ಚಿಕ್ಕಪ್ಪ. ತಮಗೆ ತೋಚಿದ ಹೆಸರು ಬರೆದು ಅದರ ಹಿಂದೆ ತಂದೆಯ ಇನಿಷಿಯಲ್ ಹಾಕಿದರು. ನಾಮಕರಣದ ದಿನ ಇಟ್ಟ ಹೆಸರೇ ಬೇರೆ. ಅದರ ಮುಂದೆ ತಾಯಿಯ ಮನೆತನದ ಹೆಸರೂ ಇತ್ತು. ಪ್ರಮಾಣಪತ್ರವನ್ನು ಯಾರೂ ಬಿಚ್ಚಿ ನೋಡಲಿಲ್ಲ. ಶಾಲೆಗೆ ಸೇರಿಸುವಾಗ ನೋಡಿದರೆ ಮನೆಯಲ್ಲಿ ಕರೆಯುವ ಮಗು ಒಂದು, ಕಾಗದದಲ್ಲಿರುವ ಮಗು ಇನ್ನೊಂದು!

ಜನನ ನೋಂದಣಿ ಮತ್ತು ಹೆಸರಿನ ನೋಂದಣಿ ಎರಡೂ ಬೇರೆ ಬೇರೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ ಇರುವುದೇ ಹೆಸರಿಲ್ಲದೆ ನೋಂದಣಿಯಾದ ಮಕ್ಕಳಿಗಾಗಿ. ಜನನವನ್ನು 21 ದಿನಗಳೊಳಗೆ ವರದಿ ಮಾಡಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆ ಹೊಣೆ ಆಸ್ಪತ್ರೆಯದು. ಹೆಸರಿನ ಜಾಗ ಖಾಲಿ ಇರಲಿ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ತಂದೆ ತಾಯಿ ಹೋಗಿ ಹೆಸರು ಸೇರಿಸಬಹುದು, ಅದಕ್ಕೆ ಶುಲ್ಕವಿಲ್ಲ. ಆಮೇಲೂ 15 ವರ್ಷದವರೆಗೆ ಅಲ್ಪ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು.

ಹಾಗೆಂದು ವರ್ಷಗಟ್ಟಲೆ ಬಿಡಬೇಡಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಪಾಸ್‌ಪೋರ್ಟ್, ಆಧಾರ್, ಮತದಾರರ ಪಟ್ಟಿ, ಸರ್ಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಪುರಾವೆ. ಹೆಸರಿಲ್ಲದ ಪ್ರಮಾಣಪತ್ರ ಹಿಡಿದು ಹೋದರೆ ಎಲ್ಲ ಕಡೆ ತಕರಾರು.

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಮುಂದಿನ ವಿಷಯದಲ್ಲಿ. ಖಾಲಿ ಜಾಗ ತುಂಬುವುದು ಸುಲಭ, ತುಂಬಿದ ಹೆಸರನ್ನು ಬದಲಿಸುವುದು ಬಹಳ ಕಷ್ಟ. 15ನೇ ಕಲಂ ತಪ್ಪು ತಿದ್ದಲು ಇರುವುದು, ಮನಸ್ಸು ಬದಲಾಯಿತು ಎಂಬುದಕ್ಕಲ್ಲ. ಕಾಗುಣಿತ ತಪ್ಪಿದ್ದರೆ ರಿಜಿಸ್ಟರಿನ ಮೂಲ ನಮೂದನ್ನು ಹಾಗೇ ಉಳಿಸಿ, ಅಂಚಿನಲ್ಲಿ ತಿದ್ದುಪಡಿ ಬರೆದು ಅಧಿಕಾರಿ ಸಹಿ ಹಾಕುತ್ತಾರೆ. ಹೆಸರನ್ನೇ ಬದಲಿಸಿ ಎಂದರೆ "ಕಾಯ್ದೆಯಲ್ಲಿ ಅವಕಾಶವಿಲ್ಲ" ಎಂದು ವಾಪಸ್ ಕಳಿಸುತ್ತಾರೆ. ಈ ಕೊರತೆಯನ್ನು ಕರ್ನಾಟಕ ಹೈಕೋರ್ಟ್ 2025ರಲ್ಲಿ ಗಮನಿಸಿತು. ಕಾಯ್ದೆ ತಿದ್ದುಪಡಿಯಾಗುವವರೆಗೆ ಪೋಷಕರ ಪ್ರಮಾಣಿತ ಹೇಳಿಕೆ ಪಡೆದು, ಅವರ ಗುರುತು ಪರಿಶೀಲಿಸಿ, ಹೊಸ ಹೆಸರು ನಮೂದಿಸಬೇಕೆಂದು ಹೇಳಿತು. ಪ್ರಮಾಣಪತ್ರದಲ್ಲಿ ಹಳೆಯ ಹೆಸರೂ ಹೊಸ ಹೆಸರೂ ಎರಡೂ ಇರುತ್ತವೆ ಎಂಬುದನ್ನು ಮರೆಯಬೇಡಿ. ಯಾರೋ ಅವಸರದಲ್ಲಿ ಬರೆದ ಹೆಸರು ಪೂರ್ತಿ ಅಳಿಸಿಹೋಗುವುದಿಲ್ಲ. ಕಚೇರಿಗೆ ಹೋಗುವಾಗ ತೀರ್ಪಿನ ಪ್ರತಿ ಜೊತೆಗಿರಲಿ, "ನಮಗೆ ಸುತ್ತೋಲೆ ಬಂದಿಲ್ಲ" ಎನ್ನುವವರು ಇದ್ದೇ ಇರುತ್ತಾರೆ.

ಕಚೇರಿ ಮುಂದಿನ ದಲ್ಲಾಳಿಗಳು ಈ ಕಷ್ಟದ ಮೇಲೆಯೇ ಬದುಕುತ್ತಿದ್ದಾರೆ. ಅಫಿಡವಿಟ್ ಟೈಪ್ ಮಾಡಿಸಿ, ನೋಟರಿ ಸೀಲ್ ಹೊಡೆಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಡಿಸಿ, ಸಾವಿರಗಟ್ಟಲೆ ಕಿತ್ತುಕೊಂಡು "ಹೆಸರು ಬದಲಾಯಿತು" ಎನ್ನುತ್ತಾರೆ. ಏನೂ ಬದಲಾಗಿರುವುದಿಲ್ಲ. ರಿಜಿಸ್ಟರಿನಲ್ಲಿ ನಮೂದಾಗುವವರೆಗೆ ಆ ಅಫಿಡವಿಟ್ ಬರೀ ಕಾಗದ. ಬಡವರು ಸಾಲ ಮಾಡಿ ಇವರಿಗೆ ದುಡ್ಡು ಕೊಡುವುದನ್ನು ನೋಡಿದಾಗ ಮೈ ಉರಿಯುತ್ತದೆ.

ಯಾವ ಕಚೇರಿಗೆ ಹೋಗಬೇಕು? ನೀವು ವಾಸವಿರುವ ಊರಿಗಲ್ಲ, ಮಗು ಹುಟ್ಟಿದ ಊರಿಗೆ. ತವರಿನಲ್ಲಿ ಹೆರಿಗೆಯಾಗಿದ್ದರೆ ಅಲ್ಲಿನ ನೋಂದಣಾಧಿಕಾರಿಯ ಬಳಿಯೇ ಕೆಲಸ. ಇದು ಗೊತ್ತಿಲ್ಲದೆ ಬೆಂಗಳೂರಿನ ಕಚೇರಿಗಳನ್ನು ಸುತ್ತುವವರಿಗೆ ಕೌಂಟರಿನಲ್ಲಿ ಕೂತವರು ಮೊದಲ ದಿನವೇ ಒಂದು ಮಾತು ಹೇಳಬಾರದೇ?

ಇನ್ನು ಅಡ್ಡಹೆಸರು. ಮಗುವಿಗೆ ತಂದೆಯ ಅಡ್ಡಹೆಸರೇ ಇರಬೇಕೆಂದು ಜನನ ನೋಂದಣಿ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಗಂಡ ತೀರಿಕೊಂಡು ಮರುಮದುವೆಯಾದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗುವಿನ ಅಡ್ಡಹೆಸರು ತೀರ್ಮಾನಿಸುವ ಹಕ್ಕು ತಾಯಿಗಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ತಾಯಿಯ ಮನೆತನ, ತಂದೆಯ ಊರು, ಇಬ್ಬರ ಹೆಸರು, ನಿಮಗೆ ಬೇಕಾದ್ದನ್ನು ಇಡಿ. ಆದರೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಲ್ಲಿ ಹೆಸರಿಗೂ ಅಡ್ಡಹೆಸರಿಗೂ ಬೇರೆ ಬೇರೆ ಜಾಗ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ತಮಿಳರಲ್ಲಿ ತಂದೆಯ ಹೆಸರಿನ ಮೊದಲಕ್ಷರ. ಎರಡನ್ನೂ ಸೇರಿಸುವ ಮನೆಯವರು ಪಾಸ್‌ಪೋರ್ಟಿನಲ್ಲಿ ಯಾವುದು ಎಲ್ಲಿ ಕೂರಬೇಕೆಂದು ಮೊದಲೇ ಒಂದು ಹಾಳೆಯಲ್ಲಿ ಬರೆದು ನೋಡಿ, ಆಮೇಲೆ ಜನನ ರಿಜಿಸ್ಟರಿಗೆ ಕೊಡಿ.

ಬೇರೆ ಧರ್ಮದವರನ್ನು ಮದುವೆಯಾದವರಿಗೆ ಒಂದು ಮಾತು. ಪ್ರಮಾಣಪತ್ರದಲ್ಲಿ ಧರ್ಮದ ಕಾಲಂ ಇರುವುದಿಲ್ಲ. ಮದುವೆ ಪ್ರಮಾಣಪತ್ರ ತನ್ನಿ ಎಂದು ಕಾಯ್ದೆ ಕೇಳುವುದಿಲ್ಲ. ಒಂಟಿ ತಾಯಿಯಿಂದಲೂ ಅಫಿಡವಿಟ್ ಪಡೆದು ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಆದರೂ ಕೆಲವು ಅಧಿಕಾರಿಗಳು ಜಾತಿ, ಧರ್ಮ, ಮದುವೆ ಎಂದು ಎಲ್ಲರೆದುರು ಕೆದಕುತ್ತಾರೆ. ಇಂಥ ಪ್ರಶ್ನೆಗೆ ಅಳುತ್ತಾ ಹೊರಬಂದ ಬಾಣಂತಿಯರನ್ನು ನಾನು ಕಂಡಿದ್ದೇನೆ. "ಯಾವ ನಿಯಮ ಅಂತ ಬರೆದುಕೊಡಿ" ಎಂದು ಕೇಳಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯದೆ ಹೊರಬರಬೇಡಿ.

ನೋಂದಣಿ ಮುಗಿದ ಏಳು ದಿನಗಳೊಳಗೆ ಮೊದಲ ಪ್ರಮಾಣಪತ್ರ ಉಚಿತವಾಗಿ ಸಿಗಬೇಕು. ಕೊಡದಿದ್ದರೆ, ಅಥವಾ ನೋಂದಣಾಧಿಕಾರಿಯ ಆದೇಶ ಸರಿಯಿಲ್ಲ ಎನಿಸಿದರೆ, 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಿ. 90 ದಿನಗಳೊಳಗೆ ಅವರು ತೀರ್ಮಾನಿಸಬೇಕು. ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರಿನ ಮುಂದೆಯೇ ನಿಂತು ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನವನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ತಿದ್ದುಪಡಿ ಅರ್ಜಿಯನ್ನು ಅಂದೇ ಕೊಡಿ.